ನೀರಿನ ತಟ್ಟೆಯ ಹುಳುಗಳು

ಸಂಶೋಧನಾಲಯದ ಹಿಂಬದಿಯಲ್ಲಿ, ಸೈಕಲ್ ನಿಲ್ಲಿಸುವ ತಗಡಿನ ಶೆಡ್ಡಿಗೂ ಜನರೇಟರ್ ಕೋಣೆಗೂ ನಡುವೆ, ಕಿಟಕಿಯೇ ಇಲ್ಲದ ಒಂದು ಕೋಣೆಯಿದೆ. ಒಳಗೆ ಹೋಗಲು ಎರಡು ಬಾಗಿಲು ದಾಟಬೇಕು. ಹಿಂದಿನದು ಪೂರ್ತಿ ಮುಚ್ಚಿದ ಮೇಲೆಯೇ ಮುಂದಿನದಕ್ಕೆ ಕೈ ಹಾಕಬೇಕು, ಇಲ್ಲದಿದ್ದರೆ ಪತಂಗಗಳು ಹೊರಗೆ ಹಾರಿಬಿಡುತ್ತವೆ. ಕೋಣೆಯ ಶಾಖ ವರ್ಷವಿಡೀ ಇಪ್ಪತ್ತಾರು ಡಿಗ್ರಿ. ದಿನಕ್ಕೆ ಹದಿನಾಲ್ಕು ಗಂಟೆ ಬೆಳಕು, ಹತ್ತು ಗಂಟೆ ಕತ್ತಲು. ಕಬ್ಬಿಣದ ಕಪಾಟುಗಳ ತುಂಬ ಸಣ್ಣ ಪ್ಲಾಸ್ಟಿಕ್ ಬಟ್ಟಲುಗಳು, ಒಂದೊಂದರಲ್ಲೂ ಒಂದೊಂದೇ ಕಾಯಿಕೊರಕ ಹುಳು. ಎರಡನ್ನು ಒಟ್ಟಿಗೆ ಬಿಟ್ಟರೆ ಮರುದಿನ ಒಂದೇ ಉಳಿದಿರುತ್ತದೆ, ಅದೂ ತುಸು ದಪ್ಪಗಾಗಿ.

ಈ ಕೋಣೆಯ ಒಡತಿಯನ್ನು ಎಲ್ಲರೂ ಕರೆಯುವುದು ಹುಳದಕ್ಕ ಎಂದು. ಸಂಬಳದ ಪಟ್ಟಿಯಲ್ಲಿ ಅವಳು ಕೀಟಪಾಲನಾ ಸಹಾಯಕಿ. ವಯಸ್ಸು ಐವತ್ತೇಳು, ಸೇವೆ ಇಪ್ಪತ್ತಮೂರು ವರ್ಷ. ಮೊಟ್ಟೆಗಳನ್ನು ತೊಳೆಯುವುದು, ಹಿಟ್ಟು, ಯೀಸ್ಟು, ಹೆಪ್ಪುಗಟ್ಟಿಸುವ ಅಗರ್ ಪುಡಿ ಬೇಯಿಸಿ ಆರಿಸಿ ಚೌಕ ಚೌಕವಾಗಿ ಕತ್ತರಿಸಿ ಹುಳುಗಳಿಗೆ ಹಾಕುವುದು, ಹಿಕ್ಕೆ ಬಳಿಯುವುದು, ಪತಂಗವಾಗುವ ಮುಂಚಿನ ಕೋಶಗಳನ್ನು ಗಂಡು ಹೆಣ್ಣು ಎಂದು ಬೇರೆ ಮಾಡುವುದು ಅವಳ ಕೆಲಸ. ರಜೆಯ ದಿನವೂ ಒಂದು ಸಲ ಬಂದು ನೋಡಿ ಹೋಗುತ್ತಾಳೆ, ಹುಳುಗಳಿಗೆ ರಜೆ ಗೊತ್ತಿಲ್ಲ.

ಲಿಫ್ಟ್ ರಿಪೇರಿ ಮಾಡುವ ಅವಳ ಗಂಡ ಮನೆಗೆ ಬಂದವರಿಗೆಲ್ಲ ಒಂದೇ ಮಾತು ಹೇಳುತ್ತಾನೆ: “ಅಲ್ಲಿ ಎರಡು ಸಾವಿರ ಹುಳ ಸಾಕ್ತಾಳೆ. ಇಲ್ಲಿ ಒಂದು ಜಿರಲೆ ಕಂಡ್ರೆ ಮಂಚ ಹತ್ತಿ ನಿಂತ್ಕೊಂಡು ನನ್ನ ಕೂಗ್ತಾಳೆ.”

“ಜಿರಲೆಗೆ ಶಿಸ್ತಿಲ್ಲ,” ಎನ್ನುತ್ತಾಳೆ ಅವಳು.

ಅವಳ ಬದುಕಿನಲ್ಲಿ ನಡೆದ ನಾಚಿಕೆಗೇಡಿನ ಸಂಗತಿಗೆ ಬೇರು ಇರುವುದು ಹದಿನೈದು ವರ್ಷದ ಹಿಂದೆ ಈ ಕೋಣೆಗೆ ಬಂದ ರೋಗದಲ್ಲಿ. ಒಂದು ಸೋಮವಾರ ಬೆಳಗ್ಗೆ ಬಾಗಿಲು ತೆರೆದಾಗ ಹುಳುಗಳು ಬಟ್ಟಲಿನ ಮುಚ್ಚಳಕ್ಕೆ ತಲೆಕೆಳಗಾಗಿ ಜೋತುಬಿದ್ದಿದ್ದವು. ಮುಟ್ಟಿದರೆ ಚರ್ಮ ಒಡೆದು ಕಂದು ನೀರು ಸುರಿಯುತ್ತಿತ್ತು. ವಾರದೊಳಗೆ ಸಾವಿರದ ಎಂಟುನೂರು ಹುಳುಗಳಲ್ಲಿ ಹನ್ನೊಂದು ಉಳಿದವು. ಆಗಿನ ಮುಖ್ಯಸ್ಥರು ಕೋಣೆಗೆ ಬೀಗ ಹಾಕಿಸಿ ಬೇರೆ ಕಡೆಯಿಂದ ಮೊಟ್ಟೆ ತರಿಸೋಣ ಎಂದರು. ಹುಳದಕ್ಕ ಆ ಹನ್ನೊಂದನ್ನು ಪ್ರತ್ಯೇಕ ಪೆಟ್ಟಿಗೆಯಲ್ಲಿಟ್ಟು, ಕೋಣೆಯ ಒಂದೊಂದು ಕಪಾಟನ್ನೂ ಬ್ಲೀಚಿನಲ್ಲಿ ಮೂರು ಮೂರು ಸಲ ಉಜ್ಜಿ, ಕಣ್ಣಲ್ಲಿ ಕಣ್ಣಿಟ್ಟು ಕಾದಳು. ಹನ್ನೊಂದರಲ್ಲಿ ಏಳು ಪತಂಗಗಳಾದವು. ಇಂದು ಕಪಾಟುಗಳಲ್ಲಿರುವ ಅಷ್ಟೂ ಹುಳುಗಳು ಆ ಏಳರ ಸಂತಾನ.

ಅಲ್ಲಿಂದ ಅವಳಿಗೊಂದು ಅಭ್ಯಾಸ ಬಂತು.

ಪ್ರಯೋಗಕ್ಕೆ ಹುಳುಗಳು ಬೇಕಾದಾಗ ಅವಳು ಒಂದೇ ದಿನ ಪೊರೆ ಬಿಟ್ಟ ನೂರ ಇಪ್ಪತ್ತನ್ನು ತೆಗೆದು, ಹುಳುವಿಗೊಂದು ಗುಳಿಯಿರುವ, ಮೊದಲೇ ಲೇಬಲ್ ಅಂಟಿಸಿ ಕಳಿಸಿದ ನಾಲ್ಕು ತಟ್ಟೆಗೆ ಮೂವತ್ತರಂತೆ ಹಂಚಿ ಕೊಡಬೇಕು. ಒಂದು ತಟ್ಟೆಯ ಹುಳುಗಳ ಆಹಾರಕ್ಕೆ ಬರೀ ನೀರು ಬೆರೆಸುತ್ತಾರೆ. ಉಳಿದ ಮೂರಕ್ಕೆ ಪರೀಕ್ಷೆಯ ಮದ್ದು: ಸ್ವಲ್ಪ, ಮಧ್ಯಮ, ಹೆಚ್ಚು. ಯಾವ ಹುಳು ಯಾವ ತಟ್ಟೆಗೆ ಎಂಬುದನ್ನು ಕಣ್ಣಿನಿಂದ ತೀರ್ಮಾನಿಸುವಂತಿಲ್ಲ, ಚೀಟಿ ಎತ್ತಬೇಕು. ಅದಕ್ಕೆಂದೇ ಒಂದು ತಗಡಿನ ಡಬ್ಬಿ, ಡಬ್ಬಿಯಲ್ಲಿ ನೂರ ಇಪ್ಪತ್ತು ಚೀಟಿ. ಕೆಲಸಕ್ಕೆ ಸೇರಿದ ಮೊದಲ ವಾರವೇ ಇದನ್ನು ಹೇಳಿಕೊಟ್ಟಿದ್ದರು. ರಿಜಿಸ್ಟರಿನಲ್ಲಿ ಪ್ರತಿ ಸಲದ ಹಂಚಿಕೆಗೂ ಒಂದು ಸಾಲು, ಸಾಲಿನ ಕೊನೆಗೆ ‘ಚೀಟಿ ಎತ್ತಿ ಹಂಚಿದೆ’ ಎಂಬ ಅಂಕಣ, ಅಲ್ಲಿ ಅವಳ ಟಿಕ್ಕು, ಪಕ್ಕದಲ್ಲಿ ಪುಟ್ಟ ಸಹಿ.

ಪ್ರಯೋಗ ಮುಗಿದಾಗ ಮದ್ದು ತಿಂದ ಹುಳುಗಳನ್ನು ಫ್ರೀಜರಿನಲ್ಲಿಟ್ಟು ಕೊಂದು, ಆಮೇಲೆ ಸುಟ್ಟುಬಿಡುತ್ತಾರೆ. ನೀರಿನ ತಟ್ಟೆಯಲ್ಲಿ ಉಳಿದವು ಮಾತ್ರ ವಾಪಸು ಕೋಣೆಗೆ ಬರುತ್ತವೆ. ಪತಂಗಗಳಾಗಿ ಮುಂದಿನ ತಲೆಮಾರಿಗೆ ಮೊಟ್ಟೆ ಇಡುವುದು ಅವೇ. ಹನ್ನೊಂದೇ ಹುಳು ಉಳಿದ ದಿನವನ್ನು ಕಂಡವಳಿಗೆ ಇದರಲ್ಲಿ ಲೆಕ್ಕ ಸರಳವಾಗಿ ಕಂಡಿತ್ತು. ಹೇಗೂ ಸುಡುವ ತಟ್ಟೆಗೆ ಚೆನ್ನಾಗಿರುವುದನ್ನು ಯಾಕೆ ಹಾಕಬೇಕು? ಕುಂಚದ ತುದಿ ತಾಕಿದ ಕೂಡಲೇ ಚಕ್ಕನೆ ಸುರುಳಿ ಸುತ್ತುವ, ಬೆನ್ನ ಮೇಲಿನ ಗೆರೆ ತಿಳಿಯಾಗಿರುವ, ಹಿಕ್ಕೆ ಗಟ್ಟಿಯಾಗಿರುವ ಹುಳುಗಳು ನೀರಿನ ತಟ್ಟೆಗೆ. ತುಸು ತಡವಾಗಿ ಮೈ ಮಡಚುವವು ಸ್ವಲ್ಪ ಮದ್ದಿನ ತಟ್ಟೆಗೆ. ಸೋಮಾರಿಗಳು ಹೆಚ್ಚು ಮದ್ದಿಗೆ. ಬೇರೆಯವರ ಕಣ್ಣಿಗೆ ನೂರ ಇಪ್ಪತ್ತೂ ಒಂದೇ ಗಾತ್ರ, ಒಂದೇ ಬಣ್ಣ. ವ್ಯತ್ಯಾಸ ಗೊತ್ತಾಗುತ್ತಿದ್ದುದು ಹುಳದಕ್ಕನ ಕಣ್ಣಿಗೆ ಮಾತ್ರ. ಚೀಟಿಯ ಡಬ್ಬಿಗೆ ಧೂಳು ಹಿಡಿಯಿತು. ಅವಳು ಟಿಕ್ ಹಾಕುವುದನ್ನು ಮಾತ್ರ ಬಿಡಲಿಲ್ಲ.

ಬಹುಕಾಲ ಇದರಿಂದ ಯಾರಿಗೂ ಏನೂ ಆಗಲಿಲ್ಲ. ಆಗೆಲ್ಲ ಮದ್ದು ಎಂದರೆ ಘಾಟು ವಿಷ. ಗಟ್ಟಿಯೂ ಸಾಯುತ್ತಿತ್ತು, ಸೋಮಾರಿಯೂ ಸಾಯುತ್ತಿತ್ತು. ಹಳದಿ ಬಂದ ಮೇಲೆ ಹಾಗಿರಲಿಲ್ಲ.

ಹಳದಿ ಎಂದರೆ ಸಂಶೋಧನೆಗೆ ಸೇರಿದ ಇಪ್ಪತ್ತೇಳು ವರ್ಷದ ಹುಡುಗಿ. ಬೆರಳ ತುದಿಗಳು ಸದಾ ಹಳದಿಯಾಗಿರುತ್ತಿದ್ದುದರಿಂದ ಬಂದ ಅಡ್ಡಹೆಸರು ಅದು. ಸತುವಿನ ನ್ಯಾನೋ ಕಣಗಳನ್ನು ಹುಳುವಿನ ಆಹಾರಕ್ಕೆ ಬೆರೆಸಿದರೆ ಹುಳುವಿನ ಕಿಣ್ವಗಳಿಗೆ ಏನಾಗುತ್ತದೆ ಎಂಬುದು ಅವಳ ವಿಷಯ. ಮೊದಲ ದಿನ ಹುಳದಕ್ಕ ಕೇಳಿದ್ದಳು: “ಕಣ ಅಂದ್ರೆ ಎಷ್ಟು ಸಣ್ಣದು ಮಗಳೇ?”

“ಅಕ್ಕ, ನಿನ್ನ ತಲೆಕೂದಲು ಒಂದನ್ನ ಉದ್ದಕ್ಕೆ ಎರಡು ಸಾವಿರ ಸೀಳು ಮಾಡಿದ್ರೆ ಒಂದು ಸೀಳು ಎಷ್ಟು ದಪ್ಪ ಇರುತ್ತೋ ಅಷ್ಟು.”

“ನನಗಿರೋ ನಾಲ್ಕು ಕೂದಲಿಗೂ ಕಣ್ಣು ಹಾಕ್ಬೇಡ.”

ಹುಡುಗಿ ನಗುತ್ತಲೇ ವಿವರಿಸಿದ್ದಳು. ಬೆಳೆಗೆ ಹೊಡೆಯುವ ಕೀಟನಾಶಕ ಹುಳುವಿನ ಹೊಟ್ಟೆ ಸೇರಿದರೆ ಅಲ್ಲಿನ ಕಿಣ್ವವೊಂದು ಅದನ್ನು ಕತ್ತರಿಸಿ ನಿರುಪದ್ರವಿ ಮಾಡಿಬಿಡುತ್ತದೆ. ಅದಕ್ಕೇ ವರ್ಷ ವರ್ಷಕ್ಕೆ ಹೆಚ್ಚು ಹೆಚ್ಚು ವಿಷ ಹೊಡೆಯಬೇಕಾಗುತ್ತದೆ. ಈ ಕಣಗಳು ಆ ಕಿಣ್ವದ ಕೈ ಕಟ್ಟಿಹಾಕುವುದಾದರೆ ತೀರ ಕಡಿಮೆ ವಿಷ ಸಾಕು. ಅಳೆಯುವ ಬಗೆಯನ್ನೂ ಹುಳದಕ್ಕ ಪಕ್ಕದಲ್ಲಿ ನಿಂತು ನೋಡಿದ್ದಳು. ಕಣ ತಿನ್ನಿಸಿದ ಮೂರನೆಯ ದಿನ ಪ್ರತಿ ತಟ್ಟೆಯಿಂದ ಹತ್ತು ಹುಳುಗಳನ್ನು ತೆಗೆದು, ಕರುಳನ್ನು ಬಿಡಿಸಿ, ಮಂಜುಗಡ್ಡೆಯ ಮೇಲಿಟ್ಟ ಪುಟ್ಟ ಕೊಳವೆಯಲ್ಲಿ ಅರೆದು, ಯಂತ್ರದಲ್ಲಿ ಗಿರಗಿರನೆ ತಿರುಗಿಸಿದರೆ ಮೇಲೆ ತಿಳಿ ನಿಲ್ಲುತ್ತದೆ. ಆ ತಿಳಿಗೆ ಒಂದು ದ್ರಾವಣ ಹಾಕಿದರೆ ಹಳದಿಯಾಗುತ್ತದೆ. ಕಿಣ್ವ ಚುರುಕಾಗಿದ್ದಷ್ಟೂ ಹಳದಿ ಗಾಢ.

ಹಳದಿಯ ಪ್ರಯೋಗದಲ್ಲಿ ನೀರಿನ ತಟ್ಟೆಯ ಕೊಳವೆ ನಿಂಬೆಹಣ್ಣಿನಂತೆ ಹೊಳೆಯಿತು. ಉಳಿದ ಮೂರು ಮೆಟ್ಟಿಲು ಇಳಿದಂತೆ ಒಂದಕ್ಕಿಂತ ಒಂದು ತೆಳುವಾದವು. ಹೆಚ್ಚು ಕಣ ತಿಂದ ಹುಳುಗಳಲ್ಲಿ ಕಿಣ್ವದ ಚುರುಕು ನೂರಕ್ಕೆ ನಲವತ್ತರಷ್ಟು ಇಳಿದಿತ್ತು. ಮಾರ್ಗದರ್ಶಕಿಯಾದ ಮೇಡಂ ನಕ್ಷೆ ನೋಡಿ, “ಇಷ್ಟು ಅಚ್ಚುಕಟ್ಟಾದ ಮೆಟ್ಟಿಲು ನನ್ನ ಸರ್ವೀಸಲ್ಲೇ ನೋಡಿಲ್ಲ,” ಎಂದರು. ಬರಹ ಹೆಸರಾಂತ ಪತ್ರಿಕೆಯಲ್ಲಿ ಅಚ್ಚಾಯಿತು. ಕೊನೆಯ ಸಾಲಿನಲ್ಲಿ, ಆರೋಗ್ಯವಂತ ಹುಳುಗಳನ್ನು ಒದಗಿಸಿದ್ದಕ್ಕೆ ಹುಳದಕ್ಕನಿಗೂ ಕೃತಜ್ಞತೆ ಹೇಳಿತ್ತು. ಗಂಡ ಆ ಸಾಲನ್ನು ಭೂತಗನ್ನಡಿ ಹಿಡಿದು ಹುಡುಕಿ ಓದಿದ.

ಒಂದು ವರ್ಷ ಕಳೆಯುವಷ್ಟರಲ್ಲಿ ದೂರದ ಇನ್ನೊಂದು ಪ್ರಯೋಗಾಲಯದಿಂದ ಕಾಗದ ಬಂತು. ಇಲ್ಲಿಂದಲೇ ಮೊಟ್ಟೆ ತರಿಸಿಕೊಂಡು, ಅದೇ ಕಣ, ಅದೇ ಅಳತೆ, ಅದೇ ಮೂರು ದಿನ ಪಾಲಿಸಿ ಮಾಡಿದ್ದರು. ಇಳಿಕೆ ನೂರಕ್ಕೆ ಎಂಟು ಬಂದಿತ್ತು. ಎರಡು ಸಲ ಮಾಡಿದರೂ ಎಂಟೇ.

ಮೇಡಂ ಮತ್ತೆ ಮಾಡಿಸಿದರು. ಹುಳದಕ್ಕ ತಟ್ಟೆ ತುಂಬಿಕೊಟ್ಟಳು. ಮತ್ತೆ ನಲವತ್ತು. ಮೂರನೆಯ ಸಲ ಮೇಡಂ ತಾವೇ ಪಕ್ಕದಲ್ಲಿ ಕುರ್ಚಿ ಹಾಕಿಕೊಂಡು ಹುಡುಗಿಯ ಕೈಯನ್ನೇ ನೋಡುತ್ತ ಕುಳಿತರು. ಮೂವತ್ತೊಂಬತ್ತು ಬಂತು. ಬಟ್ಟಲು ತೊಳೆಯುವ ಕೋಣೆಗೂ ಮೇಡಂ ಕೋಣೆಗೂ ನಡುವೆ ಇರುವುದು ತೆಳುವಾದ ಹಲಗೆಯ ಗೋಡೆ. ಆ ಸಂಜೆ ನಲ್ಲಿ ನಿಲ್ಲಿಸಿದಾಗ ಮಾತು ಕೇಳಿಸಿತು.

“ನಿನ್ನ ಅಂಕಿಗಳು ತುಂಬಾ ಚೆನ್ನಾಗಿವೆ,” ಎನ್ನುತ್ತಿದ್ದರು ಮೇಡಂ. “ನನಗೆ ಭಯ ಆಗ್ತಿರೋದೇ ಅದಕ್ಕೆ.”

“ಮೇಡಂ, ನೀವೇ ಪಕ್ಕದಲ್ಲಿ ಕೂತಿದ್ರಲ್ಲ.”

“ಕೂತಿದ್ದೆ. ನನ್ನ ಕಣ್ಣಿಗೆ ಬೀಳದ್ದು ಏನಾದ್ರೂ ಇದ್ರೆ ಈಗ್ಲೇ ಹೇಳ್ಬಿಡು. ಶುಕ್ರವಾರ ಸಮಿತಿ ಮುಂದೆ ಹೇಳೋದಕ್ಕಿಂತ ನನ್ನ ಮುಂದೆ ಹೇಳೋದು ವಾಸಿ.”

ಮೂವರ ವಿಚಾರಣಾ ಸಮಿತಿ. ಅಂಕಿಗಳನ್ನು ಬೇಕೆಂದೇ ತಿದ್ದಿದ್ದಾಳೆ ಎಂದು ಅವರಿಗೆ ಅನ್ನಿಸಿದರೆ ಹುಡುಗಿಯ ಪದವಿಗೆ ಅಲ್ಲಿಗೇ ಕಲ್ಲು ಬಿದ್ದಂತೆ. ಇನ್ನೆಲ್ಲಿಯೂ ಯಾವ ಪ್ರಯೋಗಾಲಯವೂ ಅವಳನ್ನು ಒಳಗೆ ಸೇರಿಸುವುದಿಲ್ಲ. ಹುಳದಕ್ಕ ಬಟ್ಟಲು ತೊಳೆಯುತ್ತ ಹುಡುಗಿಗಾಗಿ ನಿಜವಾಗಿಯೇ ಮರುಗಿದಳು. ತನಗೂ ಇದಕ್ಕೂ ಸಂಬಂಧವಿದೆ ಎಂದು ಆ ಗಳಿಗೆಯವರೆಗೆ ಅವಳಿಗೆ ಹೊಳೆದಿರಲಿಲ್ಲ.

ಹೊಳೆದದ್ದು ಮಂಗಳವಾರ ಮಧ್ಯಾಹ್ನ. ಹಳದಿ ಎರಡು ಬಾಗಿಲು ದಾಟಿ ಒಳಗೆ ಬಂದು, ಆಹಾರ ಬೇಯಿಸುವ ಪಾತ್ರೆಯನ್ನು ಬೋರಲು ಹಾಕಿ ಅದರ ಮೇಲೆ ಕುಳಿತಳು. ಕಣ್ಣು ಊದಿದ್ದವು.

“ಅಕ್ಕ, ಹೋದ ವಾರ ನಿನ್ನ ಹತ್ರ ನಾಲ್ಕು ತಟ್ಟೆ ತಗೊಂಡೆನಲ್ಲ? ನಾನು ಯಾರಿಗೂ ಹೇಳದೆ ಒಂದು ಕೆಲಸ ಮಾಡ್ದೆ. ಲೇಬಲ್ ಮಾತ್ರ ಎಂದಿನ ಹಾಗೆ ಅಂಟಿಸಿದ್ದೆ, ನೀರು, ಸ್ವಲ್ಪ, ಮಧ್ಯಮ, ಹೆಚ್ಚು ಅಂತ. ಆದ್ರೆ ಯಾವ ತಟ್ಟೆಗೂ ಕಣ ಹಾಕ್ಲೇ ಇಲ್ಲ. ನಾಲ್ಕಕ್ಕೂ ಬರೀ ನೀರು.”

“ಹೂಂ.”

“ಆದ್ರೂ ಮೆಟ್ಟಿಲು ಬಂತು ಅಕ್ಕ. ‘ಹೆಚ್ಚು’ ಅಂತ ಲೇಬಲ್ ಇದ್ದ ತಟ್ಟೆಲಿ ಮೂವತ್ತು ಕಡಿಮೆ. ಕಣಾನೇ ಇಲ್ಲ, ಇಳಿಕೆ ಮಾತ್ರ ಇದೆ. ಅಂದ್ರೆ ನನ್ನ ಕೈಯಲ್ಲೇ ಏನೋ ಇದೆ. ನನಗೇ ಗೊತ್ತಿಲ್ದೆ ನಾನೇ ಏನೋ ಮಾಡ್ತಿದೀನಿ. ತಲೆ ಕೆಟ್ಟಿದ್ಯಾ ನನಗೆ?”

ಹುಳದಕ್ಕನ ಕೈಯಲ್ಲಿದ್ದ ಕುಂಚ ಅಲ್ಲಿಯೇ ನಿಂತಿತು. ಕಣವೇ ಇಲ್ಲದ ತಟ್ಟೆ. ಆದರೆ ಅಂಟಿಸಿದ್ದ ಲೇಬಲ್ ನೋಡಿ ಅವಳು ಸೋಮಾರಿ ಹುಳುಗಳನ್ನು ಹಾಕಿದ್ದಳು. ಹೊಟ್ಟೆ ಮಂದವಾದ ಹುಳುವಿನಲ್ಲಿ ಕಿಣ್ವ ಚುರುಕಾಗಿರುವುದಾದರೂ ಹೇಗೆ? ಆ ಮೆಟ್ಟಿಲುಗಳನ್ನು ಕಟ್ಟಿದ್ದು ಸತುವಿನ ಕಣವೂ ಅಲ್ಲ, ಹುಡುಗಿಯ ಕೈಯೂ ಅಲ್ಲ. ಹುಳು ಆರಿಸಿದ ತನ್ನದೇ ಕಣ್ಣು.

ಹಳದಿ ಮೂಗು ಒರೆಸಿಕೊಂಡು, ಪಟ್ಟಿಯಲ್ಲಿ ಉಳಿದಿರುವ ಕೊನೆಯ ಪ್ರಶ್ನೆಯನ್ನೂ ಕೇಳಿಬಿಡೋಣ ಎಂಬಂತೆ ಕೇಳಿದಳು: “ಅಕ್ಕ, ಬೇಜಾರು ಮಾಡ್ಕೋಬೇಡ. ನೀನು ಚೀಟಿ ಎತ್ತೇ ತಾನೇ ಹಂಚೋದು?”

“ಹೂಂ,” ಎಂದಳು ಹುಳದಕ್ಕ.

“ಗೊತ್ತಿತ್ತು. ಸುಮ್ನೆ ಕೇಳ್ದೆ.” ಹುಡುಗಿ ಎದ್ದು, ಪಾತ್ರೆಯನ್ನು ನೆಟ್ಟಗೆ ಮಾಡಿಟ್ಟು, ಒಂದು ಬಾಗಿಲು ಮುಚ್ಚಿ, ಇನ್ನೊಂದು ತೆರೆದು ಹೊರಟುಹೋದಳು.

ಆ ‘ಹೂಂ’ ಬಾಯಿಂದ ಬಿದ್ದದ್ದು ಹೇಗೆ ಎಂದು ಹುಳದಕ್ಕನಿಗೆ ಇಂದಿಗೂ ಸರಿಯಾಗಿ ಹೇಳಲು ಬರುವುದಿಲ್ಲ. ಯೋಚಿಸಿ ಹೇಳಿದ ಸುಳ್ಳಾಗಿದ್ದರೆ ಇಷ್ಟು ಸುಡುತ್ತಿರಲಿಲ್ಲವೇನೋ. ಹದಿನೈದು ವರ್ಷ ಟಿಕ್ ಹಾಕಿದ ಕೈಯಂತೆ ನಾಲಿಗೆಯೂ ತನ್ನಷ್ಟಕ್ಕೆ ಟಿಕ್ ಹಾಕಿತ್ತು. ಹುಡುಗಿಯ ಹಿಂದೆ ಓಡಿಹೋಗಿ ಕರೆಯಬಹುದಿತ್ತು. ಅವಳು ಕಪಾಟಿನ ಮೇಲಿನ ಚೀಟಿಯ ಡಬ್ಬಿಯನ್ನು ಇಳಿಸಿ, ಧೂಳು ಒರೆಸಿ, ಬಾಗಿಲಿನಿಂದ ಬಂದವರಿಗೆ ಮೊದಲು ಕಾಣುವ ಜಾಗದಲ್ಲಿ ಇಟ್ಟಳು. ಇಟ್ಟ ಮೇಲೆ ತಾನು ಏನು ಮಾಡಿದೆ ಎಂಬುದು ಅರ್ಥವಾಗಿ ಮುಖ ಕಾದುಹೋಯಿತು.

ಬುಧವಾರ ಅವಳು ಹಳದಿಯ ಎದುರು ಬೀಳದಂತೆ ಓಡಾಡಿದಳು. ಹುಡುಗಿ ಕಾರಿಡಾರಿನಲ್ಲಿ ಬಂದರೆ ಇವಳು ಜನರೇಟರ್ ಕೋಣೆಯ ಕಡೆ ತಿರುಗುವಳು. ಮಧ್ಯಾಹ್ನ ಊಟದ ಡಬ್ಬಿಯ ಮುಚ್ಚಳ ತೆಗೆದು, ಹಾಗೆಯೇ ಮತ್ತೆ ಮುಚ್ಚಿದಳು. ಸಂಜೆ ಮನೆಯಲ್ಲಿ ಗಂಡ ಗ್ರೀಸು ಮೆತ್ತಿದ ಕೈಯನ್ನು ಸೋಪಿನ ಪುಡಿಯಲ್ಲಿ ಉಜ್ಜುತ್ತಿದ್ದಾಗ ಎಲ್ಲವನ್ನೂ ಹೇಳಿದಳು, ‘ಹೂಂ’ ಎಂದದ್ದನ್ನು ಬಿಟ್ಟು.

ಅವನಿಗೆ ಮೊದಲು ವಿಷಯವೇ ತಲೆಗೆ ಹೋಗಲಿಲ್ಲ. “ಆ ಬಟ್ಲಿನ ಹುಳ ಈ ಬಟ್ಲಿಗೆ ಹೋಯ್ತು, ಅಷ್ಟೇ ತಾನೇ? ಅದಕ್ಕೆ ಸಮಿತಿನಾ? ನಮ್ಮಲ್ಲಿ ಲಿಫ್ಟು ಮೂರನೇ ಮಹಡಿಲಿ ನಿಲ್ಲೋ ಬದ್ಲು ನಾಲ್ಕರಲ್ಲಿ ನಿಂತ್ರೂ ಯಾರೂ ಸಮಿತಿ ಮಾಡಲ್ಲ.”

“ತಮಾಷೆ ಬೇಡ ಮಾರಾಯ.”

ಅವನು ಅವಳ ಮುಖ ನೋಡಿ ನಲ್ಲಿ ನಿಲ್ಲಿಸಿದ. “ನಿನ್ನ ಯಾರಾದ್ರೂ ಕೇಳಿದ್ರಾ?”

ಅವಳು ಸೋಪಿನ ಪುಡಿಯ ಡಬ್ಬಿಗೆ ಮುಚ್ಚಳ ಹಾಕಿದಳು.

“ಕೇಳಿಲ್ಲ ತಾನೇ? ಮತ್ತೆ ಸುಮ್ನಿರು. ಇನ್ನು ಮೂರು ವರ್ಷ, ಮರ್ಯಾದೆಯಾಗಿ ರಿಟೈರ್ ಆಗು. ಓದಿದವರ ಜಗಳ, ಅವರೇ ಬಗೆಹರಿಸ್ಕೊಳ್ತಾರೆ.”

“ಆ ಹುಡುಗಿ ತನಗೆ ಹುಚ್ಚು ಹಿಡೀತಿದೆ ಅಂತಿದಾಳೆ.”

ಗಂಡ ಟವೆಲ್ಲಿನಲ್ಲಿ ಬಹಳ ಹೊತ್ತು ಕೈ ಒರೆಸಿಕೊಂಡ. ಕೊನೆಗೆ, “ಹಾಗಾದ್ರೆ ನನ್ನ ಯಾಕೆ ಕೇಳ್ತೀಯ?” ಎಂದ. “ನಾನು ಬೇಡ ಅಂದ್ರೆ ಪಾಪ ನನ್ನ ತಲೆಗೆ ಕಟ್ಟೋಣ ಅಂತಲಾ?”

ಅವನು ಹೇಳಿದ್ದರಲ್ಲಿ ನಿಜವಿತ್ತು. ಅವಳಿಗೆ ಅದೂ ನಾಚಿಕೆ ತಂದಿತು.

ಶುಕ್ರವಾರ ಹನ್ನೊಂದಕ್ಕೆ ಸಮಿತಿ ಕೂತಿತು. ಉದ್ದನೆಯ ಮೇಜಿನ ಒಂದು ಕಡೆ ಮೂವರು, ಇನ್ನೊಂದು ಕಡೆ ಮೇಡಂ, ಪಕ್ಕದಲ್ಲಿ ಹಳದಿ. ಹುಳದಕ್ಕನನ್ನು ಯಾರೂ ಕರೆದಿರಲಿಲ್ಲ. ಹಂಚಿಕೆಯ ರಿಜಿಸ್ಟರು ತಂದುಕೊಡಿ ಎಂದಷ್ಟೇ ಹೇಳಿಕಳಿಸಿದ್ದರು. ಅವಳು ರಿಜಿಸ್ಟರನ್ನು ಮೇಜಿನ ಮೇಲಿಟ್ಟಳು. ಬಾಗಿಲಿನ ಕಡೆ ಎರಡು ಹೆಜ್ಜೆ ಹಾಕಿ ನಿಂತಳು. ಸಮಿತಿಯಲ್ಲಿದ್ದ ನರೆಗಡ್ಡದ ಹಿರಿಯರು ಕೇಳಿದರು: “ಏನಮ್ಮ?”

“ಹುಳಗಳನ್ನ ನಾನು ಚೀಟಿ ಎತ್ತಿ ಹಂಚಿಲ್ಲ ಸರ್.”

ಅವಳು ನೆಲ ನೋಡುತ್ತಲೇ ಹೇಳಿದಳು: ಯಾವುದು ಗಟ್ಟಿ ಎಂದು ಹೇಗೆ ಗುರುತಿಸುತ್ತಾಳೆ, ಯಾವುದನ್ನು ಎಲ್ಲಿ ಹಾಕುತ್ತಾಳೆ, ಯಾಕೆ ಹಾಕುತ್ತಾಳೆ. ಹನ್ನೊಂದು ಹುಳುಗಳ ಕಥೆಯನ್ನೂ ಹೇಳಿದಳು. ಹೇಳುವಾಗ ದನಿಯಲ್ಲಿ ತುಸು ಹೆಮ್ಮೆ ಇಣುಕಿದ್ದು ಅವಳಿಗೇ ಕೇಳಿಸಿ ಅರ್ಧಕ್ಕೆ ನಿಲ್ಲಿಸಿದಳು. ಮೇಡಂ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. ಹಳದಿ ಎರಡೂ ಕೈಯಲ್ಲಿ ಬಾಯಿ ಮುಚ್ಚಿಕೊಂಡಿದ್ದಳು.

ಹಿರಿಯರು ರಿಜಿಸ್ಟರು ತೆರೆದರು. “ಇಲ್ಲಿ ಪ್ರತಿ ಸಾಲಿನಲ್ಲೂ ಚೀಟಿ ಎತ್ತಿದೆ ಅಂತ ಟಿಕ್ ಇದೆಯಲ್ಲ?”

ಹುಳದಕ್ಕ ಬಾಯಿ ತೆರೆಯುವ ಮೊದಲೇ ಮೇಡಂ ಮಾತಾಡಿದರು. ಮಾತಿನಲ್ಲಿ ಪ್ರೀತಿಯಿತ್ತು. “ಸರ್, ಅವರು ಏಳನೇ ಕ್ಲಾಸು ಓದಿದವರು. ಅಂಕಣ ಇದೆ, ಟಿಕ್ ಹಾಕಿದಾರೆ. ಅದರ ಅರ್ಥ ಅವರಿಗೆ ಗೊತ್ತಿಲ್ಲ. ಚೀಟಿ ಯಾಕೆ ಮುಖ್ಯ ಅಂತ ನಾವು ಕೂರಿಸ್ಕೊಂಡು ಹೇಳ್ಬೇಕಿತ್ತು. ತಪ್ಪು ನಮ್ಮದು.”

“ಪಾಪ, ಅವರಿಗೆ ಹೇಗೆ ತಿಳೀಬೇಕು,” ಎಂದರು ಸಮಿತಿಯ ಇನ್ನೊಬ್ಬರು. ಮೂವರೂ ತಲೆಯಾಡಿಸಿದರು. ಯಾರಿಗೂ ಏಟಾಗದಂತೆ ಗಂಟು ಬಿಚ್ಚಿಕೊಂಡಿತ್ತು. ಹುಡುಗಿ ಪಾರಾದಳು, ಮೇಡಂ ದೊಡ್ಡತನ ತೋರಿದರು, ಕೆಲಸದವಳು ಅರಿಯದವಳು. “ನೀವು ಹೋಗಿಬನ್ನಿ ಅಮ್ಮ. ಧೈರ್ಯವಾಗಿ ಹೇಳಿದ್ರಿ, ಸಂತೋಷ.”

ಅವಳು ಕೈ ಮುಗಿದು ಹೊರಗೆ ಬಂದಳು. ಕಾಲು ಹಗುರಾಗಿದ್ದವು. ಏನೂ ತಿಳಿಯದವಳು ಎನ್ನಿಸಿಕೊಳ್ಳುವುದು ಇಷ್ಟು ಸುಖವೆಂದು ಅವಳಿಗೆ ಗೊತ್ತಿರಲಿಲ್ಲ. ಮೆಟ್ಟಿಲ ಹತ್ತಿರ ಬರುವಷ್ಟರಲ್ಲಿ ಹಿಂದೆ ಓಡುವ ಸದ್ದು ಕೇಳಿಸಿತು. ಹಳದಿ ಬಂದವಳೇ ಅವಳನ್ನು ಅಪ್ಪಿಕೊಂಡು ಅತ್ತಳು.

“ಅಕ್ಕ, ನೀನು ಹೇಳದೇ ಇದ್ದಿದ್ರೆ ನಾನು ಮುಗಿದೇ ಹೋಗ್ತಿದ್ದೆ. ನಿನಗೆ ಪಾಪ ಏನು ಗೊತ್ತು? ಒಂದು ಸಲ ಸರಿಯಾಗಿ ವಿವರಿಸಿ ಹೇಳಿದ್ರೆ ನೀನೇ ಮಾಡ್ತಿದ್ದೆ. ನನ್ನದೇ ತಪ್ಪು.”

ಹುಡುಗಿಯ ಹಣೆ ಅವಳ ಭುಜದ ಮೇಲಿತ್ತು. ಸೀರೆ ಒದ್ದೆಯಾಗುತ್ತಿತ್ತು. ಇನ್ನೊಂದು ಸಲ ‘ಹೂಂ’ ಎಂದರೆ ಸಾಕಿತ್ತು, ಅದೂ ಬೇಡ, ಬೆನ್ನು ಸವರಿದರೂ ಸಾಕಿತ್ತು. ನೆಲ ಬಾಯಿಬಿಟ್ಟರೆ ಇಳಿದುಹೋಗಬೇಕು ಎನ್ನಿಸಿತು ಹುಳದಕ್ಕನಿಗೆ. ಅವಳು ಹುಡುಗಿಯ ಎರಡೂ ತೋಳು ಹಿಡಿದು ಮೆಲ್ಲಗೆ ದೂರ ನಿಲ್ಲಿಸಿದಳು.

“ಗೊತ್ತಿತ್ತು,” ಎಂದಳು.

“ಏನು?”

“ಚೀಟಿ ಯಾಕೆ ಎತ್ತಬೇಕು ಅಂತ ಗೊತ್ತಿತ್ತು. ಸೇರಿದ ವಾರವೇ ಹೇಳಿಕೊಟ್ಟಿದ್ರು. ನೋಡಿ ಆರಿಸಿದ್ರೆ ನಮ್ಮ ಕಣ್ಣಿನ ಆಸೆ ಲೆಕ್ಕಕ್ಕೆ ಸೇರ್ಕೊಳ್ಳುತ್ತೆ ಅಂತ. ಅದೇ ಮಾತು ಇನ್ನೂ ನೆನಪಿದೆ. ಗೊತ್ತಿದ್ದೂ ಮಾಡ್ದೆ. ಗೊತ್ತಿದ್ದೂ ಟಿಕ್ ಹಾಕ್ದೆ.” ಅವಳು ಹುಡುಗಿಯ ತೋಳು ಬಿಟ್ಟಳು. “ಮಂಗಳವಾರ ನೀನು ಬಂದು ಕೇಳಿದಾಗ ನನಗೆ ಎಲ್ಲ ಅರ್ಥ ಆಗಿತ್ತು. ಅರ್ಥ ಆದ ಮೇಲೇ ಹೂಂ ಅಂದದ್ದು.”

ಹಳದಿ ಒಂದು ಹೆಜ್ಜೆ ಹಿಂದೆ ಸರಿದಳು. ಸಿಟ್ಟು ಬರಲು ಕೂಡ ಸ್ವಲ್ಪ ಹೊತ್ತು ಬೇಕಾಯಿತು. “ಮಂಗಳವಾರ ರಾತ್ರಿ ನಾನು ಅಮ್ಮನಿಗೆ ಫೋನ್ ಮಾಡಿ, ನಾನೇ ಏನೋ ಮೋಸ ಮಾಡಿದೀನಿ ಅನ್ಸುತ್ತೆ ಅಂದೆ,” ಎಂದಳು ನಿಧಾನವಾಗಿ. “ಮಾಡಿಲ್ಲ ಅಂತ ನನಗೇ ನಂಬಿಕೆ ಹೋಗಿತ್ತು. ಮೂರು ದಿನ. ಮೂರು ದಿನ ನೀನು ಆ ಕೋಣೇಲೇ ಇದ್ದೆ.”

“ಇದ್ದೆ.”

“ಒಳಗೆ ಅವರ ಮುಂದೆ ಯಾಕೆ ಹೇಳ್ಲಿಲ್ಲ?”

“ಅವರು ಪಾಪ ಅಂದ್ರು. ಹಾಗೇ ಇರಲಿ ಅನ್ನಿಸ್ತು.”

ಹುಡುಗಿ ಕೈಯ ಹಿಂಭಾಗದಿಂದ ಮುಖ ಒರೆಸಿಕೊಂಡು, ಮೆಟ್ಟಿಲಿಳಿದು ಹೋದಳು. ಹುಳದಕ್ಕ ಸಮಿತಿಯ ಕೋಣೆಗೆ ವಾಪಸು ಬಂದು ಬಾಗಿಲು ತಟ್ಟಿದಳು. ಒಳಗೆ ಚಹಾ ಕುಡಿಯುತ್ತಿದ್ದರು. ಹುಡುಗಿಗೆ ಹೇಳಿದ್ದನ್ನೇ ಅದೇ ಮಾತುಗಳಲ್ಲಿ ಮತ್ತೆ ಹೇಳಿದಳು. ಈ ಸಲ ಯಾರೂ ಪಾಪ ಎನ್ನಲಿಲ್ಲ. ಮೇಡಂ ಕೈಯಲ್ಲಿದ್ದ ಲೋಟವನ್ನು ಕೆಳಗಿಡದೆ ಕಿಟಕಿಯ ಕಡೆ ಮುಖ ತಿರುಗಿಸಿದರು. ನರೆಗಡ್ಡದವರು ಕೇಳಿದ್ದು ಒಂದೇ ಪ್ರಶ್ನೆ: “ಹಾಗಾದ್ರೆ ಹದಿನೈದು ವರ್ಷದಲ್ಲಿ ಈ ಕೋಣೆಯ ಹುಳ ಇಟ್ಕೊಂಡು ಎಷ್ಟು ಜನ ಕೆಲಸ ಮಾಡಿದಾರೆ?”

ಅವಳು ನಿಂತಲ್ಲಿಯೇ ಒಬ್ಬೊಬ್ಬರನ್ನೇ ನೆನೆದು ಹೇಳತೊಡಗಿದಳು. ಹತ್ತೊಂಬತ್ತು ಜನ. ಕೆಲವರು ಮದುವೆಗೆ ಅವಳನ್ನು ಕರೆದವರು, ಒಬ್ಬಳು ತನ್ನ ಮಗುವನ್ನು ಕರೆತಂದು ಹುಳುಗಳ ಕೋಣೆ ತೋರಿಸಿ ಹೋದವಳು. ಹೆಚ್ಚಿನವರ ಕೆಲಸ ಘಾಟು ವಿಷದ ಮೇಲೆ, ಅವರಿಗೆ ಅಷ್ಟೇನೂ ತೊಂದರೆಯಿಲ್ಲ ಎಂದು ಆಮೇಲೆ ಮೇಡಂ ಹೇಳಿದರು. ನಾಲ್ವರ ಬರಹಗಳನ್ನು ಮತ್ತೆ ಪರೀಕ್ಷಿಸಬೇಕಾಗುತ್ತದೆ. ಆ ನಾಲ್ವರಿಗೂ ಕಾಗದ ಹೋಗುತ್ತದೆ, ಕಾಗದದಲ್ಲಿ ಕಾರಣವೂ ಇರುತ್ತದೆ.

ಕೆಲಸದಿಂದ ಅವಳನ್ನು ತೆಗೆಯಲಿಲ್ಲ. ತೆಗೆದಿದ್ದರೆ ಒಳ್ಳೆಯದಿತ್ತು ಎಂದು ಮೊದಲ ವಾರ ಅವಳಿಗೇ ಅನ್ನಿಸುತ್ತಿತ್ತು. ಎಚ್ಚರಿಕೆಯ ಪತ್ರ ಕೊಟ್ಟರು. ಹಂಚುವ ಕೆಲಸವನ್ನು ಅವಳ ಕೈಯಿಂದ ತೆಗೆದು ಹಳದಿಗೆ ವಹಿಸಿದರು. ಗೇಟಿನ ಕಾವಲುಗಾರನಿಗೂ ವಿಷಯ ಗೊತ್ತಾಗಿತ್ತು. ಅವನು ಬೆಳಗಿನ ನಮಸ್ಕಾರ ನಿಲ್ಲಿಸಲಿಲ್ಲ, ಆದರೆ ತುಸು ಬೇಗ ಹೇಳಿ ಮುಗಿಸುತ್ತಿದ್ದ.

ಪತ್ರಿಕೆಗೆ ಬರೆಯುವ ತಿದ್ದುಪಡಿಯ ಜೊತೆ ಅವಳದೊಂದು ಹೇಳಿಕೆಯೂ ಹೋಗಬೇಕಿತ್ತು. ಮೇಡಂ ಅದನ್ನು ಬರೆಸಿಟ್ಟಿದ್ದರು. ಗುರುವಾರ ಹಳದಿ ಕಾಗದ ತಂದು, ಹುಳುಗಳ ಕೋಣೆಯ ಹೊರಬಾಗಿಲಲ್ಲಿ ನಿಂತೇ ಓದಿದಳು. ‘ಹುಳುಗಳ ಹಂಚಿಕೆಯಲ್ಲಿ ಅಜಾಗರೂಕತೆಯಿಂದ ನಿಯಮ ಪಾಲನೆಯಾಗಿರಲಿಲ್ಲ’ ಎಂದಿತ್ತು.

“ಅಜಾಗರೂಕತೆ ಅಲ್ಲ,” ಎಂದಳು ಹುಳದಕ್ಕ. “ನಾನು ಅಷ್ಟು ಜಾಗ್ರತೆಯಾಗಿ ಬೇರೆ ಯಾವ ಕೆಲಸಾನೂ ಮಾಡಿಲ್ಲ. ಅದನ್ನ ಹೊಡೆದು, ‘ನಿಯಮ ತಿಳಿದಿದ್ದೂ ಪಾಲಿಸಲಿಲ್ಲ’ ಅಂತ ಬರೀ.”

ಹಳದಿ ಕಾಗದವನ್ನು ಗೋಡೆಗೆ ಒತ್ತಿ ಹಿಡಿದು, ಆ ಪದ ಹೊಡೆದುಹಾಕಿ ಬರೆದಳು. ಪೆನ್ನನ್ನು ಅವಳ ಕಡೆ ಚಾಚಿದಳು. “ತಿದ್ದಿದ ಕಡೆ ಒಂದು ಸಹಿ, ಕೆಳಗೊಂದು ಸಹಿ. ತಾರೀಖು ಹಾಕಿ.”

ಅವಳು ಎರಡೂ ಕಡೆ ಸಹಿ ಮಾಡಿದಳು. ಹುಡುಗಿ ಮಸಿ ಒಣಗುವವರೆಗೆ ಕಾದು ಕಾಗದ ಮಡಚಿಕೊಂಡಳು.

“ನಾಳೆಯಿಂದ ಮೊದಲಿನಿಂದ ಶುರು ಮಾಡ್ತಿದೀನಿ,” ಎಂದಳು, ಅವಳ ಮುಖ ನೋಡದೆ. “ನೂರ ಇಪ್ಪತ್ತು ಬೇಕು. ಒಂದೇ ದಿನ ಪೊರೆ ಬಿಟ್ಟವು. ಎಂಟಕ್ಕೆ ಬರ್ತೀನಿ.”

“ಎಂಟಕ್ಕೆ ತಯಾರಿರುತ್ತೆ.”

“ಬಟ್ಟಲಿಗೆ ನಂಬರ್ ಹಾಕಿ ಇಟ್ಟಿರಿ ಸಾಕು. ಮುಚ್ಚಳ ತೆಗೀಬೇಡಿ.”

ಹುಡುಗಿ ಹೋದ ಮೇಲೆ ಹುಳದಕ್ಕ ಒಳಬಾಗಿಲು ತೆರೆದು, ಕಪಾಟಿನ ಎದುರು ಸ್ಟೂಲು ಎಳೆದುಕೊಂಡು ಕುಳಿತಳು. ಒಂದು, ಎರಡು, ಮೂರು ಎಂದು ಮುಚ್ಚಳಗಳ ಮೇಲೆ ಬರೆಯುತ್ತ ಹೋದಳು. ಪಾರದರ್ಶಕ ಪ್ಲಾಸ್ಟಿಕ್ಕಿನ ಕೆಳಗೆ ಯಾವುದು ಗಟ್ಟಿ, ಯಾವುದು ಸೋಮಾರಿ ಎಂದು ಬೇಡವೆಂದರೂ ಕಣ್ಣಿಗೆ ಬೀಳುತ್ತಿತ್ತು. ಇಪ್ಪತ್ತರವರೆಗೆ ಬರೆದಳು. ಆಮೇಲೆ ಎದ್ದು, ಕೈ ಒರೆಸುವ ಬಟ್ಟೆಯನ್ನು ತಂದು ಬಟ್ಟಲುಗಳ ಮೇಲೆ ಹೊದಿಸಿ, ಅಂಚಿನಿಂದ ಒಂದೊಂದನ್ನೇ ಹೊರಗೆಳೆದು, ಬೇರೆ ಕಡೆ ನೋಡುತ್ತ ಅಂಕಿ ಬರೆಯತೊಡಗಿದಳು. ಅಂಕಿಗಳು ಸೊಟ್ಟಗೆ ಬಂದವು.